ಏಷ್ಯನ್ ಗೇಮ್ಸ್, ಒಲಿಂಪಿಕ್ಸ್, ನಮ್ಮ ಇಂಡಿಯಾ ಟೀಮು: ಬೆಂಗಳೂರಲ್ಲಿ ಎಲ್ರೂ ಕೇಳೋ ಪ್ರಶ್ನೆಗಳು

ಗೇಮ್ಸ್ ಹತ್ರ ಬಂತು ಅಂದ್ರೆ ಸಾಕು, ಆಫೀಸಲ್ಲಿ, ನೆಂಟ್ರ ಮನೇಲಿ, ಮಗಳನ್ನ ಸ್ವಿಮ್ಮಿಂಗ್ ಕ್ಲಾಸಿಗೆ ಬಿಟ್ಟು ಹೊರಗಡೆ ಕಾಯ್ತಾ ಕೂತಿರೋ ಅಪ್ಪ ಅಮ್ಮಂದಿರ ಹತ್ರ, ಎಲ್ಲಾ ಕಡೆ ಅದೇ ಪ್ರಶ್ನೆಗಳು. ನಾನು ಇದನ್ನೆಲ್ಲ ಚಿಕ್ಕ ವಯಸ್ಸಿಂದ ಫಾಲೋ ಮಾಡ್ಕೊಂಡು ಬಂದಿರೋದ್ರಿಂದ ಎಲ್ರೂ ನನ್ನನ್ನೇ ಕೇಳ್ತಾರೆ, ಒಂದೊಂದು ಉತ್ತರಾನೂ ಇಪ್ಪತ್ತು ಸಲ ಹೇಳಿದೀನಿ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ.

ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್, ಒಲಿಂಪಿಕ್ಸ್ ಮೂರೂ ಒಂದೇ ತರಾನಾ?

ಅಲ್ಲ. ಮೂರೂ ನಾಲ್ಕು ವರ್ಷಕ್ಕೊಂದ್ಸಲ ನಡಿಯತ್ತೆ, ಆದ್ರೆ ಲೆವೆಲ್ಲು ಬೇರೆ, ಬರೋ ದೇಶಗಳು ಬೇರೆ. ಒಲಿಂಪಿಕ್ಸಿಗೆ ಇಡೀ ಪ್ರಪಂಚ ಬರತ್ತೆ. ಏಷ್ಯನ್ ಗೇಮ್ಸಿಗೆ ಬರೀ ಏಷ್ಯಾ, ಆದ್ರೆ ಚೀನಾ, ಜಪಾನ್, ಕೊರಿಯಾ ಇರೋದ್ರಿಂದ ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಆರ್ಚರಿ ತರದ ಆಟಗಳಲ್ಲಿ ಅದು ಒಲಿಂಪಿಕ್ಸ್‌ನಷ್ಟೇ ಕಷ್ಟ. ಕಾಮನ್‌ವೆಲ್ತ್ ಅಂದ್ರೆ ಹೆಚ್ಚುಕಮ್ಮಿ ಬ್ರಿಟಿಷರ ಆಳ್ವಿಕೇಲಿ ಇದ್ದ ದೇಶಗಳು. ಮೊದಲನೇ ಏಷ್ಯನ್ ಗೇಮ್ಸ್ ನಡೆದಿದ್ದೇ ನಮ್ಮ ದೆಹಲೀಲಿ, 1951ರಲ್ಲಿ, ಆಮೇಲೆ 1982ರಲ್ಲಿ ಮತ್ತೆ ಅಲ್ಲೇ.

2026ರ ಕ್ಯಾಲೆಂಡರ್ ನೋಡಿದ್ರೆ ಜುಲೈ 23ರಿಂದ ಆಗಸ್ಟ್ 2ರವರೆಗೆ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತು, ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸು. ಗ್ಲಾಸ್ಗೋದಲ್ಲಿ ಖರ್ಚು ಕಮ್ಮಿ ಮಾಡ್ಬೇಕು ಅಂತ ಬರೀ 10 ಕ್ರೀಡೆ ಇಟ್ಕೊಂಡಿದಾರೆ, ಹಾಕಿ ಇಲ್ಲ, ಬ್ಯಾಡ್ಮಿಂಟನ್ ಇಲ್ಲ, ಕುಸ್ತಿ ಇಲ್ಲ, ಶೂಟಿಂಗ್ ಇಲ್ಲ, ಅಂದ್ರೆ ನಮಗೆ ಪದಕ ತಂದುಕೊಡ್ತಿದ್ದ ಆಟಗಳೇ ಹೋಗಿವೆ. ಅದಕ್ಕೇ ಅಲ್ಲಿ ಪದಕ ಕಮ್ಮಿಯಾದ್ರೆ ನಮ್ಮವರು ಕೆಟ್ಟದಾಗಿ ಆಡಿದ್ರು ಅಂತ ಬೈಬೇಡಿ, ಮೊದಲು ಯಾವ ಆಟ ಇತ್ತು ಯಾವುದು ಇರ್ಲಿಲ್ಲ ನೋಡಿ. 2030ರ ಕಾಮನ್‌ವೆಲ್ತ್ ನಮ್ಮ ಅಹಮದಾಬಾದಲ್ಲೇ.

ಟೀಮ್ ಸೆಲೆಕ್ಟ್ ಮಾಡೋದು ಯಾರು? ಸರ್ಕಾರಾನಾ?

ಒಂದೊಂದು ಆಟಕ್ಕೂ ಒಂದೊಂದು ರಾಷ್ಟ್ರೀಯ ಫೆಡರೇಷನ್ ಇರತ್ತೆ, ಹಾಕಿ ಇಂಡಿಯಾ, ಅಥ್ಲೆಟಿಕ್ಸ್ ಫೆಡರೇಷನ್ ಹೀಗೆ, ಹೆಸರು ಆರಿಸೋದು ಅವರು. ಆ ಹೆಸರುಗಳನ್ನ ಗೇಮ್ಸ್ ನಡೆಸೋರಿಗೆ ಕಳಿಸೋದು ಭಾರತೀಯ ಒಲಿಂಪಿಕ್ ಸಂಸ್ಥೆ, 2022ರ ಡಿಸೆಂಬರಿಂದ ಅದಕ್ಕೆ ಪಿ.ಟಿ. ಉಷಾ ಅಧ್ಯಕ್ಷರು. ಕ್ಯಾಂಪು, ಕೋಚು, ವಿಮಾನದ ಟಿಕೆಟ್ಟು ಇದಕ್ಕೆಲ್ಲ ದುಡ್ಡು ಕ್ರೀಡಾ ಇಲಾಖೆ ಮತ್ತೆ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕಡೆಯಿಂದ. ಹಾಗಾಗಿ ಮೂರು ಬಾಗಿಲು ದಾಟಿ ಹೋಗ್ಬೇಕು, ಒಂದು ಕಡೆ ಕಾಗದ ಸಿಕ್ಕಾಕೊಂಡ್ರೂ ಆಟಗಾರರು ಕೊನೇ ಕ್ಷಣದವರೆಗೂ ಟೆನ್ಷನ್ನಲ್ಲಿರ್ತಾರೆ.

ಕ್ವಾಲಿಫೈ ಆದ್ರು ಅಂತಾರೆ, ಹಾಗಂದ್ರೇನು? ಕೆಲವರು ಕೋಟಾ ಅಂತಾರೆ, ಅದೇನು?

ಇದು ನಂಗೆ ಇಷ್ಟವಾದ ಪ್ರಶ್ನೆ, ಯಾಕಂದ್ರೆ ಇದು ಗೊತ್ತಾದ್ರೆ ಅಲ್ಲಿಗೆ ಹೋಗೋದೇ ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗತ್ತೆ.

ಒಲಿಂಪಿಕ್ಸಲ್ಲಿ ಒಂದೊಂದು ಆಟಕ್ಕೆ ಒಂದೊಂದು ರೂಲು. ಅಥ್ಲೆಟಿಕ್ಸಲ್ಲಿ ಒಂದು ಗೆರೆ ಹಾಕಿರ್ತಾರೆ, 2024ರ ಪ್ಯಾರಿಸ್‌ಗೆ ಗಂಡಸರ ಜಾವೆಲಿನ್ ಗೆರೆ 85.50 ಮೀಟರ್ ಇತ್ತು, ಅಷ್ಟು ಎಸೆದ್ರೆ ನೇರ ಎಂಟ್ರಿ, ಇಲ್ಲಾಂದ್ರೆ ವರ್ಲ್ಡ್ ರ್‍ಯಾಂಕಿಂಗ್ ಮೇಲೆ ಕಾಯ್ಬೇಕು, ಅದೂ ಒಂದು ಇವೆಂಟಿಗೆ ಒಂದು ದೇಶದಿಂದ ಮೂರೇ ಜನ. ಕೋಟಾ ಅಂದ್ರೆ ಒಲಿಂಪಿಕ್ಸಲ್ಲಿ ಆಡಕ್ಕೆ ಸಿಗೋ ಒಂದು ಜಾಗ. ಶೂಟಿಂಗಲ್ಲಿ ಬೇರೆ ಕಥೆ: ಗೆದ್ದ ಕೋಟಾ ದೇಶಕ್ಕೆ ಸೇರಿದ್ದು, ಗೆದ್ದವರಿಗಲ್ಲ. ಅಂದ್ರೆ ಒಬ್ಬರು ಕಷ್ಟಪಟ್ಟು ಕೋಟಾ ತಂದಿರ್ತಾರೆ, ಆಮೇಲೆ ಟ್ರಯಲ್ಸಲ್ಲಿ ಹಿಂದೆ ಬಿದ್ರೆ ಅದೇ ಜಾಗದಲ್ಲಿ ಇನ್ನೊಬ್ಬರು ಹೋಗ್ತಾರೆ. ಕೇಳೋಕೆ ಅನ್ಯಾಯ ಅನ್ಸತ್ತೆ, ಆದ್ರೆ ಆ ದಿನಕ್ಕೆ ಯಾರು ಫಾರ್ಮಲ್ಲಿದಾರೋ ಅವರು ಹೋಗ್ಲಿ ಅನ್ನೋದು ಲೆಕ್ಕ. ಹಾಕಿಗೆ ಏಷ್ಯನ್ ಗೇಮ್ಸಲ್ಲಿ ಚಿನ್ನ ಗೆದ್ರೆ ನೇರ ಒಲಿಂಪಿಕ್ಸ್. ಹ್ಯಾಂಗ್‌ಝೌ (ಚೀನಾ) ಏಷ್ಯನ್ ಗೇಮ್ಸ್ ಫೈನಲಲ್ಲಿ ನಮ್ಮ ಗಂಡಸರ ಟೀಮು ಜಪಾನನ್ನ 5-1ರಲ್ಲಿ ಸೋಲಿಸಿ ಪ್ಯಾರಿಸ್ ಟಿಕೆಟ್ ತಗೊಂಡ್ರು. ಹೆಣ್ಮಕ್ಕಳ ಟೀಮು ಅಲ್ಲಿ ಕಂಚು, ಆಮೇಲೆ 2024ರ ಜನವರೀಲಿ ರಾಂಚಿಯ ಕ್ವಾಲಿಫೈಯರಲ್ಲಿ ಅದೇ ಜಪಾನ್ ಮೇಲೆ 0-1ರಲ್ಲಿ ಸೋತು ಮನೇಲೇ ಉಳಿದ್ರು. ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ ತಗೊಂಡಿದ್ದ ಟೀಮು ಅದು. ಆ ಒಂದು ಗೋಲಿನಿಂದ ಆ ಹುಡುಗೀರ ಎಷ್ಟು ವರ್ಷದ ಕೆಲಸ ಹೋಯ್ತು ಯೋಚನೆ ಮಾಡಿ, ಆವತ್ತು ರಾತ್ರಿ ನಂಗೆ ಊಟ ಸೇರ್ಲಿಲ್ಲ.

ಸ್ವಿಮ್ಮಿಂಗಲ್ಲಿ ಯೂನಿವರ್ಸಾಲಿಟಿ ಅಂತ ಒಂದು ಇದೆ. ನೇರವಾಗಿ ಕ್ವಾಲಿಫೈ ಆದವರು ಯಾರೂ ಇಲ್ದೇ ಇರೋ ದೇಶದಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಹೋಗ್ಬಹುದು. ಪ್ಯಾರಿಸ್‌ಗೆ ಆ ದಾರೀಲಿ ಹೋದ ಇಬ್ಬರೂ ನಮ್ಮ ಬೆಂಗಳೂರಿನವರೇ, ಶ್ರೀಹರಿ ನಟರಾಜ್ ಮತ್ತೆ ಧಿನಿಧಿ ದೇಸಿಂಗು. ಧಿನಿಧಿಗೆ ಆಗ 14 ವರ್ಷ, ಇಡೀ ಇಂಡಿಯಾ ಟೀಮಲ್ಲಿ ಎಲ್ರಿಗಿಂತ ಚಿಕ್ಕೋಳು. 200 ಮೀಟರ್ ಫ್ರೀಸ್ಟೈಲಲ್ಲಿ ತನ್ನ ಹೀಟ್ (ಮೊದಲ ಸುತ್ತಿನ ಒಂದು ಗುಂಪು) ಗೆದ್ದಳು, ಒಟ್ಟಾರೆ 23ನೇ ಜಾಗ. ಇಬ್ಬರೂ ಸೆಮಿಫೈನಲ್ಲಿಗೆ ಹೋಗ್ಲಿಲ್ಲ, ಅದಕ್ಕೇ ಪೇಪರಲ್ಲಿ ಎರಡು ಸಾಲು ಬಂತು ಅಷ್ಟೇ. ಬೆಳಿಗ್ಗೆ ಐದು ಗಂಟೆಗೆ ಪೂಲಿಗೆ ಮಕ್ಕಳನ್ನ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರಿಗೆ ಮಾತ್ರ ಆ ಎರಡು ಸಾಲಿನ ಬೆಲೆ ಗೊತ್ತು. ನನ್ನ ಮಗಳು ಸ್ಕೂಟರ್ ಹಿಂದೆ ಒದ್ದೆ ಕೂದಲಲ್ಲಿ ಕೂತು ಟಿಫನ್ ಡಬ್ಬಿಯ ಇಡ್ಲಿ ತಿಂತಾ ಆವತ್ತು ಕೇಳಿದ್ದು ಒಂದೇ ಪ್ರಶ್ನೆ, "ಆ ಅಕ್ಕ ಎಷ್ಟು ಗಂಟೆಗೆ ಏಳ್ತಾಳಂತೆ?"

ಹ್ಯಾಂಗ್‌ಝೌನಲ್ಲಿ ನಿಜಕ್ಕೂ 107 ಪದಕ ಬಂತಾ? ಅದು 2022ರದ್ದಾ 2023ರದ್ದಾ?

ಬಂತು. 28 ಚಿನ್ನ, 38 ಬೆಳ್ಳಿ, 41 ಕಂಚು, ಪಟ್ಟೀಲಿ ನಾಲ್ಕನೇ ಜಾಗ, ಮೊದಲನೇ ಸಲ ನೂರು ದಾಟಿದ್ದು. ಕೋವಿಡ್ ಇಂದ ಒಂದು ವರ್ಷ ಮುಂದಕ್ಕೆ ಹೋಯ್ತು, ನಡೆದಿದ್ದು 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 8ರವರೆಗೆ, ಹೆಸರು ಮಾತ್ರ 2022 ಅಂತಾನೇ ಉಳೀತು. ನಮ್ಮವರು 650ಕ್ಕೂ ಹೆಚ್ಚು ಜನ ಹೋಗಿದ್ರು. ಅಥ್ಲೆಟಿಕ್ಸಲ್ಲೇ 29 ಪದಕ, ಶೂಟಿಂಗಲ್ಲಿ 22. ಅದಕ್ಕೆ ಮುಂಚೆ 2018ರ ಜಕಾರ್ತದಲ್ಲಿ 70 ಇತ್ತು, ಐದು ವರ್ಷಕ್ಕೆ 37 ಜಾಸ್ತಿ ಅಂದ್ರೆ ಸುಮ್ನೆ ಆಗಲ್ಲ.

ಅಲ್ಲಿ ಒಂದು ಘಟನೆ ನೆನಪಿದೆ. ಜಾವೆಲಿನ್ ಫೈನಲಲ್ಲಿ ನೀರಜ್ ಚೋಪ್ರಾ ಮೊದಲನೇ ಎಸೆತ ಚೆನ್ನಾಗೇ ಹೋಯ್ತು, ಆದ್ರೆ ಮೆಷಿನ್ ತೊಂದರೆ ಇಂದ ಅದನ್ನ ಅಳತೆ ಮಾಡಕ್ಕೇ ಆಗ್ಲಿಲ್ಲ, ಸುಮಾರು ಹೊತ್ತು ಕಾಯಿಸಿ ಮತ್ತೆ ಎಸಿ ಅಂದ್ರು. ಒಂದು ಮಾತು ಜೋರಾಗಿ ಆಡದೇ ಮತ್ತೆ ಎಸೆದು ಕೊನೆಗೆ 88.88 ಮೀಟರಿಗೆ ಚಿನ್ನ ತಗೊಂಡ, ಒಡಿಶಾದ ಕಿಶೋರ್ ಜೆನಾ 87.54ಕ್ಕೆ ಬೆಳ್ಳಿ. ಒಂದೇ ಇವೆಂಟಲ್ಲಿ ಎರಡು ತ್ರಿವರ್ಣ ಧ್ವಜ ಮೇಲೆ ಹೋಗ್ತಾ ಇದ್ದಿದ್ದು ನೋಡಿ ನಮ್ಮ ಮನೇಲಿ ಎಲ್ರೂ ಎದ್ದು ನಿಂತ್ಕೊಂಡ್ವಿ.

ಕರ್ನಾಟಕದವರು ಯಾರಾದ್ರೂ ಇದಾರಾ ಇದರಲ್ಲಿ?

ಇದಾರೆ ಕಣ್ರೀ, ನಾವು ಹೆಸರು ಹೇಳಲ್ಲ ಅಷ್ಟೇ. ಹ್ಯಾಂಗ್‌ಝೌದಲ್ಲಿ ಕೊಡಗಿನ ರೋಹನ್ ಬೋಪಣ್ಣ ಋತುಜಾ ಭೋಸಲೆ ಜೊತೆ ಮಿಕ್ಸೆಡ್ ಡಬಲ್ಸ್ ಚಿನ್ನ, ಆಗ ಅವರಿಗೆ 43 ವರ್ಷ, ಮೂರ್ನಾಲ್ಕು ತಿಂಗಳಾದ್ಮೇಲೆ ಆಸ್ಟ್ರೇಲಿಯನ್ ಓಪನ್ ಡಬಲ್ಸೂ ಗೆದ್ರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಚಿನ್ನ ಗೆದ್ದ ಮಹಿಳಾ ಕ್ರಿಕೆಟ್ ಟೀಮಲ್ಲಿದ್ರು. ದಿವ್ಯಾ ಟಿ.ಎಸ್. 10 ಮೀಟರ್ ಪಿಸ್ತೂಲ್ ಮಿಕ್ಸೆಡ್ ಟೀಮಲ್ಲಿ ಸರಬ್ಜೋತ್ ಸಿಂಗ್ ಜೊತೆ ಬೆಳ್ಳಿ. ಬ್ಯಾಡ್ಮಿಂಟನ್ ಟೀಮ್ ಬೆಳ್ಳೀಲಿ ಮಿಥುನ್ ಮಂಜುನಾಥ್. ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫಲ್ಲಿ ಬೆಳ್ಳಿ, ಏಷ್ಯನ್ ಗೇಮ್ಸ್ ಗಾಲ್ಫಲ್ಲಿ ಭಾರತದ ಹೆಣ್ಮಗಳೊಬ್ಬಳಿಗೆ ಬಂದ ಮೊದಲ ಪದಕ ಅದು.

ಅದಕ್ಕೂ ಹಿಂದೆ ಹೋದ್ರೆ 2018ರಲ್ಲಿ ನಮ್ಮೂರಿನ ಫವಾದ್ ಮಿರ್ಜಾ ಕುದುರೆ ಸವಾರೀಲಿ ಎರಡು ಬೆಳ್ಳಿ ತಂದ್ರು, ವೈಯಕ್ತಿಕ ಪದಕ ಅಂತ ಬಂದಿದ್ದು 1982ರ ನಂತರ ಅದೇ ಮೊದಲು. 2010ರ ಗ್ವಾಂಗ್‌ಝೌದಲ್ಲಿ ಉಡುಪಿ ಜಿಲ್ಲೆ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 400 ಮೀಟರ್ ಹರ್ಡಲ್ಸಲ್ಲೂ ರಿಲೇನಲ್ಲೂ ಚಿನ್ನ. ಅದೇ ಸಲ ಹೆಣ್ಮಕ್ಕಳ ಕಬಡ್ಡಿ ಮೊದಲ ಬಾರಿ ಏಷ್ಯನ್ ಗೇಮ್ಸಿಗೆ ಬಂದಿದ್ದು, ಚಿನ್ನದ ಟೀಮಲ್ಲಿ ಬೆಂಗಳೂರಿನ ತೇಜಸ್ವಿನಿ ಬಾಯಿ ಮತ್ತೆ ಕಾರ್ಕಳದ ಕಡೆಯ ಮಮತಾ ಪೂಜಾರಿ ಇಬ್ಬರೂ ಇದ್ರು, 2014ರಲ್ಲೂ ಮತ್ತೆ ಇಬ್ಬರೂ ಚಿನ್ನ. ರಿಲೇ ಅಂದ ತಕ್ಷಣ ಎಂ.ಆರ್. ಪೂವಮ್ಮನ್ನ ಮರೀಬಾರದು, 2018ರಲ್ಲಿ ಹೆಣ್ಮಕ್ಕಳ 4x400 ಚಿನ್ನದ ಟೀಮಲ್ಲಿದ್ರು, ಮಿಕ್ಸೆಡ್ ರಿಲೇನಲ್ಲಿ ಮೊದಲು ಬೆಳ್ಳಿ ಅಂತಿತ್ತು, ಆಮೇಲೆ ಗೆದ್ದಿದ್ದ ಬಹ್ರೈನ್ ಟೀಮಿನ ಓಟಗಾರ್ತಿ ಡೋಪಿಂಗಲ್ಲಿ ಸಿಕ್ಕಿ ಚಿನ್ನ ನಮ್ಮವರಿಗೆ ಬಂತು. ಆದ್ರೆ ಸ್ಟೇಡಿಯಮಲ್ಲಿ ನಿಂತು ಜನಗಣಮನ ಕೇಳೋ ಆ ಕ್ಷಣ ಮತ್ತೆ ವಾಪಸ್ ಬರಲ್ವಲ್ಲ.

ಇಂಡಿಯಾ ಟೀಮು ಬೆಂಗಳೂರಲ್ಲೇ ಪ್ರಾಕ್ಟೀಸ್ ಮಾಡ್ತಾರೆ ಅಂತಾರೆ, ಹೌದಾ? ಎಲ್ಲಿ?

ಹೌದು. ಮೈಸೂರು ರೋಡಲ್ಲಿ ಜ್ಞಾನಭಾರತಿ ಹತ್ರ ಸಾಯ್ ಸೆಂಟರ್ ಇದೆಯಲ್ಲ, ಗಂಡಸರ ಹೆಂಗಸರ ಎರಡೂ ಹಾಕಿ ಟೀಮಿನ ಕ್ಯಾಂಪು ವರ್ಷಗಟ್ಟಲೆಯಿಂದ ಹೆಚ್ಚಾಗಿ ಅಲ್ಲೇ. 2020ರ ಲಾಕ್‌ಡೌನಲ್ಲಿ ಎರಡೂ ಟೀಮು ಮನೆಗೆ ಹೋಗಕ್ಕಾಗದೇ ತಿಂಗಳುಗಟ್ಟಲೆ ಆ ಕಾಂಪೌಂಡ್ ಒಳಗೇ ಇದ್ರು. ಮುಂದಿನ ವರ್ಷ ಟೋಕಿಯೋದಲ್ಲಿ ಗಂಡಸರು ಕಂಚು ಗೆದ್ದು 41 ವರ್ಷದ ಬರ ನೀಗಿಸಿದ್ರು, ಹೆಣ್ಮಕ್ಕಳು ನಾಲ್ಕನೇ ಸ್ಥಾನ. ನಾವೆಲ್ಲ ಕೆಂಗೇರಿ ಕಡೆ ಹೋಗ್ತಾ ಆ ಗೇಟ್ ಮುಂದೆ ಟ್ರಾಫಿಕ್ಕಲ್ಲಿ ನಿಂತು ಹಾರ್ನ್ ಹೊಡೀತೀವಿ, ಒಳಗಡೆ ಏನು ನಡೀತಿದೆ ಅಂತ ನಮಗೇ ಗೊತ್ತಿರಲ್ಲ.

ಬೆಂಗಳೂರೇ ಯಾಕೆ ಅಂದ್ರೆ ಹವಾಮಾನ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೀವಿ, ಮೇ ತಿಂಗಳಲ್ಲೂ ಬೆಳಿಗ್ಗೆ ಆಡ್ಬಹುದು, ದೆಹಲಿ ಚಳಿ ಮಂಜು ಹೊಗೆ ಯಾವುದೂ ಇಲ್ಲ. ಬ್ಯಾಡ್ಮಿಂಟನಿಗೆ ಪ್ರಕಾಶ್ ಪಡುಕೋಣೆ ಅಕಾಡೆಮಿ ಇದೆ, ಉತ್ತರಾಖಂಡದ ಲಕ್ಷ್ಯ ಸೇನ್ ಚಿಕ್ಕ ಹುಡುಗ ಆಗಿದ್ದಾಗಲೇ ಬಂದು ಇಲ್ಲೇ ಬೆಳೆದವನು, ಪ್ಯಾರಿಸ್‌ನಲ್ಲಿ ಅವನ ಜೊತೆ ಕೋಚ್ ಆಗಿ ಕೂತಿದ್ದು ಪ್ರಕಾಶ್ ಅವರೇ.

ಒಳಗೆ ಹೋಗಿ ನೋಡ್ಬಹುದಾ ಅಂತ ಬಹಳ ಜನ ಕೇಳ್ತಾರೆ. ಸಾಯ್ ಒಳಗೆ ಸುಮ್ನೆ ಬಿಡಲ್ಲ, ಅದು ಕೆಲಸದ ಜಾಗ, ಬಿಡಬಾರದು ಕೂಡ. ಆದ್ರೆ ಕಂಠೀರವದಲ್ಲಿ ಮೀಟ್ ಇದ್ದಾಗ ಹೋಗಿ. 2025ರ ಜುಲೈ 5ಕ್ಕೆ ಅಲ್ಲಿ ನೀರಜ್ ಹೆಸರಿನ ಜಾವೆಲಿನ್ ಕೂಟ ನಡೀತು, ನಾನು ಮಗಳನ್ನ ಕರ್ಕೊಂಡು ಹೋಗಿದ್ದೆ. ಟೀವೀಲಿ ನೋಡೋದಕ್ಕೂ ಅಲ್ಲಿ ನೋಡೋದಕ್ಕೂ ಎಷ್ಟು ವ್ಯತ್ಯಾಸ ಅಂದ್ರೆ, ಟೀವೀಲಿ ಜಾವೆಲಿನ್ ತೇಲ್ಕೊಂಡು ಹೋಗೋ ತರ ಕಾಣತ್ತೆ, ಅಲ್ಲಿ ಅದು ಕೈ ಬಿಟ್ಟ ಮೇಲೆ ಸಣ್ಣಗೆ ನಡುಗತ್ತೆ, ಬಾಲ ಅಲ್ಲಾಡೋದು ಕಣ್ಣಿಗೆ ಕಾಣತ್ತೆ, ಇಡೀ ಸ್ಟೇಡಿಯಂ ಒಂದೇ ತಾಳದಲ್ಲಿ ಚಪ್ಪಾಳೆ ಹೊಡೀತಾ ಇರತ್ತೆ, ಎಸೆದ ತಕ್ಷಣ ಒಂದು ಸೆಕೆಂಡು ಪೂರ್ತಿ ಸೈಲೆಂಟು, ಹುಲ್ಲಿಗೆ ಚುಚ್ಚಿಕೊಂಡ ಮೇಲೆ ಕೂಗು. 86.18 ಮೀಟರಿಗೆ ನೀರಜ್ ಗೆದ್ದ. ವಾಪಸ್ ಬರ್ತಾ ಕಬ್ಬನ್ ಪಾರ್ಕ್ ಪಕ್ಕ ನಡ್ಕೊಂಡು ಬರುವಾಗ ಮಗಳು ಒಂದು ಕಡ್ಡಿ ಎತ್ಕೊಂಡು ರನ್ ಅಪ್ ಮಾಡ್ತಾನೇ ಬಂದ್ಲು.

ಪ್ಯಾರಿಸ್‌ನಲ್ಲಿ ಬರೀ 6 ಪದಕ, 140 ಕೋಟಿ ಜನಕ್ಕೆ ಇಷ್ಟೇನಾ?

ಈ ಪ್ರಶ್ನೆ ಕೇಳೋರ ಮೇಲೆ ನಂಗೆ ಕೋಪ ಇಲ್ಲ, ಆದ್ರೆ ಲೆಕ್ಕ ತಪ್ಪು. ಓಡೋದು 140 ಕೋಟಿ ಜನ ಅಲ್ಲ, ಪ್ಯಾರಿಸ್‌ಗೆ ಹೋಗಿದ್ದು 117 ಜನ. ಅಷ್ಟರಲ್ಲಿ ನೀರಜ್ ಬೆಳ್ಳಿ, 89.45 ಮೀಟರ್, ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದಿದ್ರಿಂದ ಚಿನ್ನ ಹೋಯ್ತು. ಶೂಟಿಂಗಲ್ಲಿ ಮನು ಭಾಕರ್ ಎರಡು ಕಂಚು, ಒಂದು ಸರಬ್ಜೋತ್ ಜೊತೆ. ಸ್ವಪ್ನಿಲ್ ಕುಸಾಲೆ, ಅಮನ್ ಸೆಹ್ರಾವತ್, ಹಾಕಿ ಟೀಮು ಒಂದೊಂದು ಕಂಚು. ಟೋಕಿಯೋದಲ್ಲಿ 7 ಇತ್ತು, ಒಂದು ಚಿನ್ನ ಸೇರಿ, ಅದಕ್ಕೇ ಕಮ್ಮಿ ಅನ್ನಿಸ್ತು.

ಆದ್ರೆ ಈ ಆರರ ಜೊತೆ ಇನ್ನೊಂದು ಆರು ಇದೆ, ನಾಲ್ಕನೇ ಸ್ಥಾನಗಳು. ಲಕ್ಷ್ಯ ಸೇನ್, ಮೀರಾಬಾಯಿ ಚಾನು, ಅರ್ಜುನ್ ಬಬುತಾ, ಮನು ಭಾಕರ್ 25 ಮೀಟರ್ ಪಿಸ್ತೂಲಲ್ಲಿ, ಆರ್ಚರೀಲಿ ಧೀರಜ್ ಮತ್ತೆ ಅಂಕಿತಾ, ಸ್ಕೀಟ್ ಶೂಟಿಂಗಲ್ಲಿ ಮಹೇಶ್ವರಿ ಮತ್ತೆ ಅನಂತ್‌ಜೀತ್. ಪ್ರಪಂಚದಲ್ಲಿ ನಾಲ್ಕನೇಯವರು ಅಂದ್ರೆ ಎಂಥಾ ಮಾತು! ನಿಮ್ಮ ಕೆಲಸದಲ್ಲಿ ಪ್ರಪಂಚಕ್ಕೇ ನಾಲ್ಕನೇಯವರು ನೀವು ಅಂದ್ರೆ ಬೀದಿ ತುಂಬಾ ಫ್ಲೆಕ್ಸ್ ಹಾಕ್ತಾರೆ. ನಾವು ಇವರನ್ನ ಸೋತವರು ಅಂತೀವಿ. ನಂಗೆ ಇದೇ ಸಂಕಟ, ಪದಕ ಬಂದವರಿಗೆ ಏರ್‌ಪೋರ್ಟಲ್ಲಿ ಡೋಲು, ನಾಲ್ಕನೇಯವರು ಅದೇ ಫ್ಲೈಟಲ್ಲಿ ಬಂದಿಳಿದ್ರೂ ಟ್ಯಾಕ್ಸಿ ಹಿಡ್ಕೊಂಡು ಮನೆಗೆ ಹೋಗ್ಬೇಕು.

ನಮ್ಮ ಅರ್ಚನಾ ಕಾಮತ್ ವಿಷಯಾನೇ ತಗೊಳ್ಳಿ. ಪ್ಯಾರಿಸ್‌ನಲ್ಲಿ ಮಹಿಳಾ ಟೇಬಲ್ ಟೆನಿಸ್ ಟೀಮು ರುಮೇನಿಯಾನ 3-2ರಲ್ಲಿ ಸೋಲಿಸಿ ಕ್ವಾರ್ಟರ್‌ಫೈನಲ್ಲಿಗೆ ಹೋಯ್ತು, ಅಲ್ಲಿ ಜರ್ಮನಿ ಮೇಲೆ 1-3ರಲ್ಲಿ ಸೋಲು, ಆ ಒಂದು ಗೆಲುವು ತಂದುಕೊಟ್ಟಿದ್ದು ಬೆಂಗಳೂರಿನ ಅರ್ಚನಾ. ಎಷ್ಟು ಜನಕ್ಕೆ ಗೊತ್ತು?

ವಿನೇಶ್ ಫೋಗಟ್‌ಗೆ 100 ಗ್ರಾಮಿಗೆ ಪದಕ ಹೋಯ್ತಲ್ಲ, ಅದು ಹೇಗೆ?

ಕುಸ್ತೀಲಿ ಒಂದು ತೂಕದ ಸ್ಪರ್ಧೆ ಎರಡು ದಿನ ನಡಿಯತ್ತೆ, ಎರಡೂ ದಿನ ಬೆಳಿಗ್ಗೆ ತೂಕ ನೋಡ್ತಾರೆ. ವಿನೇಶ್ ಇದ್ದಿದ್ದು 50 ಕೆಜಿ. ಮೊದಲನೇ ದಿನ ತೂಕ ಸರಿಯಾಗಿತ್ತು, ಅಂತಾರಾಷ್ಟ್ರೀಯ ಪಂದ್ಯ ಒಂದೂ ಸೋತಿರದ ಜಪಾನಿನ ಯುಯಿ ಸುಸಾಕಿಯನ್ನ ಸೋಲಿಸಿ ಫೈನಲ್ಲಿಗೆ ಹೋದ್ರು. ಮೂರು ಕುಸ್ತಿ ಆಡಿದವರು ನೀರು ಕುಡೀಲೇಬೇಕು, ಏನಾದ್ರೂ ತಿನ್ನಲೇಬೇಕು, ತೂಕ ಏರಿತು. ರಾತ್ರಿಯೆಲ್ಲ ಇಳಿಸೋ ಪ್ರಯತ್ನ ಮಾಡಿದ್ರೂ ಬೆಳಿಗ್ಗೆ 100 ಗ್ರಾಂ ಜಾಸ್ತಿ. ಎರಡನೇ ದಿನ ತೂಕ ತಪ್ಪಿದ್ರೆ ಹಿಂದಿನ ದಿನದ ಗೆಲುವೂ ಲೆಕ್ಕಕ್ಕಿಲ್ಲ, ಕೊನೇ ಸ್ಥಾನ. ಬೆಳ್ಳಿಯಾದ್ರೂ ಕೊಡಿ ಅಂತ ಕ್ರೀಡಾ ನ್ಯಾಯಾಲಯಕ್ಕೆ ಹೋದ್ರು, ಅದೂ ಆಗ್ಲಿಲ್ಲ. ರೂಲ್ ರೂಲೇ, ನಾನು ಒಪ್ತೀನಿ, ಆದ್ರೆ ಹಿಂದಿನ ದಿನ ಸರಿಯಾದ ತೂಕದಲ್ಲಿ ಗೆದ್ದ ಕುಸ್ತಿಗಳನ್ನೂ ಅಳಿಸೋದು ಅತಿಯಾಯ್ತು ಅನ್ನೋದು ನನ್ನ ಅಭಿಪ್ರಾಯ.

ಪದಕ ಪಟ್ಟೀಲಿ ಜಾಸ್ತಿ ಪದಕ ಇದ್ರೂ ಕೆಳಗಿರ್ತೀವಿ, ಯಾಕೆ?

ಮೊದಲು ಚಿನ್ನ ಎಣಿಸ್ತಾರೆ, ಚಿನ್ನ ಸಮ ಆದ್ರೆ ಬೆಳ್ಳಿ, ಆಮೇಲೆ ಕಂಚು. ಅದಕ್ಕೇ ಪ್ಯಾರಿಸ್‌ನಲ್ಲಿ ಆರು ಪದಕ ಇದ್ರೂ ಚಿನ್ನ ಇಲ್ದೇ 71ನೇ ಜಾಗ, ಒಂದೇ ಒಂದು ಚಿನ್ನ ಗೆದ್ದ ಸಣ್ಣ ದೇಶಗಳೂ ನಮಗಿಂತ ಮೇಲೆ.

ಕ್ರಿಕೆಟ್ ಇದ್ಯಾ?

ಇದೆ. ಹ್ಯಾಂಗ್‌ಝೌದಲ್ಲಿ ಎರಡೂ ಟೀಮು ಚಿನ್ನ, ಗಂಡಸರ ಫೈನಲ್ ಅಫ್ಘಾನಿಸ್ತಾನದ ಜೊತೆ ಮಳೆಗೆ ನಿಂತು ರ್‍ಯಾಂಕಿಂಗ್ ಮೇಲೆ ನಮಗೆ ಕೊಟ್ರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಟಿ20 ಬರತ್ತೆ, ಗಂಡಸರದ್ದು ಹೆಂಗಸರದ್ದು ಆರಾರು ಟೀಮು, ಒಲಿಂಪಿಕ್ಸಲ್ಲಿ ಕ್ರಿಕೆಟ್ ಇದ್ದಿದ್ದು ಅದಕ್ಕೆ ಮುಂಚೆ 1900ರಲ್ಲಿ ಒಂದೇ ಸಲ. 1998ರಲ್ಲಿ ಕೌಲಾಲಂಪುರದ ಕಾಮನ್‌ವೆಲ್ತಲ್ಲೂ ಕ್ರಿಕೆಟ್ ಇತ್ತು, ನಮ್ಮ ಅನಿಲ್ ಕುಂಬ್ಳೆ ಆ ಟೀಮಲ್ಲಿದ್ರು, ಗ್ರೂಪಲ್ಲೇ ಆಚೆ ಬಂದ್ವಿ. ಕ್ರಿಕೆಟಿಗೆ ಕೇಳೋರು ಬೇಕಾದಷ್ಟು ಜನ ಇದಾರೆ, ಇಷ್ಟು ಸಾಕು.

ಪದಕ ಗೆದ್ರೆ ಎಷ್ಟು ದುಡ್ಡು ಬರತ್ತೆ? ಗೆಲ್ಲೋವರೆಗೂ ಜೀವನ ಹೇಗೆ?

ಕೇಂದ್ರ ಸರ್ಕಾರದಿಂದ ಒಲಿಂಪಿಕ್ಸ್ ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50 ಲಕ್ಷ, ಕಂಚಿಗೆ 30 ಲಕ್ಷ. ಏಷ್ಯನ್ ಗೇಮ್ಸಿಗೆ 30, 20, 10 ಲಕ್ಷ. ರಾಜ್ಯ ಸರ್ಕಾರಗಳು ಕೊಡೋದು ಇದರ ಮೇಲೆ ಬೇರೆ. ಎರಡನೇ ಪ್ರಶ್ನೇನೇ ನಿಜವಾದ ಪ್ರಶ್ನೆ. 2014ರಲ್ಲಿ ಟಾಪ್ಸ್ ಅನ್ನೋ ಯೋಜನೆ ಶುರುವಾಯ್ತು, ಅದಕ್ಕೆ ಸೇರಿದ ಮುಖ್ಯ ಆಟಗಾರರಿಗೆ ತಿಂಗಳಿಗೆ 50,000 ಕೈಖರ್ಚು, ಜೊತೆಗೆ ವಿದೇಶದ ಟ್ರೇನಿಂಗು, ಫಿಸಿಯೋ. ಕೆಳಗಿನ ಹಂತದವರಿಗೆ 25,000. ಇದು ಬಂದ್ಮೇಲೆ ಬಹಳ ಬದಲಾಗಿದೆ. ಆದ್ರೆ ಆ ಲಿಸ್ಟಿಗೆ ಸೇರೋವರೆಗೂ ಶೂ, ಡಯಟ್ಟು, ಕೋಚ್ ಫೀಸು, ಟ್ರೈನ್ ಟಿಕೆಟ್ಟು ಎಲ್ಲ ಅಪ್ಪ ಅಮ್ಮನ ಜೇಬಿಂದ. ರೈಲ್ವೇಸು, ಪೊಲೀಸು, ಆರ್ಮಿ ಕೆಲಸ ಇಲ್ದೇ ಇದ್ದಿದ್ರೆ ನಮ್ಮ ಅರ್ಧ ಟೀಮು ಇರ್ತಾನೇ ಇರ್ಲಿಲ್ಲ.

ಡೋಪಿಂಗ್ ಅಂತ ಸಿಕ್ಕಾಕೊಳ್ತಾರಲ್ಲ, ಎಲ್ರೂ ಬೇಕು ಅಂತಾನೇ ತಗೊಳ್ತಾರಾ?

ಎಲ್ರೂ ಅಲ್ಲ, ಆದ್ರೆ ರೂಲಿಗೆ ಅದು ಮುಖ್ಯ ಅಲ್ಲ, ಮೈಯಲ್ಲಿ ಏನು ಸಿಕ್ತು ಅನ್ನೋದಕ್ಕೆ ಆಟಗಾರರೇ ಜವಾಬ್ದಾರಿ. ಮೆಡಿಕಲ್ ಶಾಪಿನ ಕೆಮ್ಮಿನ ಔಷಧಿ, ಜಿಮ್ಮಲ್ಲಿ ಯಾರೋ ಕೊಟ್ಟ ಪ್ರೋಟೀನ್ ಡಬ್ಬಿ, ಎಲ್ಲದಕ್ಕೂ. ದೊಡ್ಡ ಆಟಗಾರರು ಪ್ರತಿ ದಿನ ಒಂದು ಗಂಟೆ ಎಲ್ಲಿರ್ತೀನಿ ಅಂತ ಮೊದಲೇ ತಿಳಿಸಿರ್ಬೇಕು, ಟೆಸ್ಟ್ ಮಾಡೋರು ಬಂದಾಗ ಅಲ್ಲಿ ಇಲ್ದೇ ಹೋದ್ರೆ ಒಂದು ತಪ್ಪು, 12 ತಿಂಗಳಲ್ಲಿ ಹೀಗೆ ಮೂರು ತಪ್ಪಾದ್ರೆ ಡೋಪಿಂಗ್ ಕೇಸೇ. ನಿಮ್ಮ ಮಕ್ಕಳು ರಾಜ್ಯ ಮಟ್ಟಕ್ಕೆ ಬಂದಿದ್ರೆ ಇವತ್ತಿಂದಾನೇ ಒಂದು ಅಭ್ಯಾಸ ಮಾಡಿಸಿ, ಡಾಕ್ಟರ್ ಹತ್ರ ಹೋದಾಗ ಮೊದಲನೇ ಮಾತೇ "ನಾನು ಸ್ಪೋರ್ಟ್ಸಲ್ಲಿದೀನಿ" ಅಂತ ಇರ್ಲಿ.

ಪ್ಯಾರಾ ಆಟಗಾರರದ್ದೂ ಇದೇ ಟೀಮಾ?

ಬೇರೆ ಕೂಟ, ಅದೇ ಊರಲ್ಲಿ, ಸ್ವಲ್ಪ ದಿನ ಆದ್ಮೇಲೆ. ಪ್ಯಾರಿಸ್ ಪ್ಯಾರಾಲಿಂಪಿಕ್ಸಲ್ಲಿ ಭಾರತಕ್ಕೆ 29 ಪದಕ, ಅದರಲ್ಲಿ 7 ಚಿನ್ನ. ಹ್ಯಾಂಗ್‌ಝೌ ಪ್ಯಾರಾ ಗೇಮ್ಸಲ್ಲಿ 111, ಅಂದ್ರೆ ಏಷ್ಯನ್ ಗೇಮ್ಸ್‌ಗಿಂತ ನಾಲ್ಕು ಜಾಸ್ತಿ. ನಮ್ಮ ಹಾಸನ ಜಿಲ್ಲೆ ಒಂದೇ ಸಾಕು ಹೇಳಕ್ಕೆ: ಹೈಜಂಪಲ್ಲಿ 2012ರ ಲಂಡನ್ ಬೆಳ್ಳಿ ತಂದ ಗಿರೀಶ ಅಲ್ಲಿಯವರು, ಟೋಕಿಯೋ ಮತ್ತೆ ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಹುಟ್ಟಿದ್ದೂ ಹಾಸನದಲ್ಲೇ.

ಮಗುವನ್ನ ಸೇರಿಸ್ಬೇಕು, ಎಲ್ಲಿಂದ ಶುರು ಮಾಡೋದು?

ಆರೇಳು ವರ್ಷಕ್ಕೆ ಯಾವ ಆಟ ಅಂತ ತಲೆ ಕೆಡಿಸ್ಕೋಬೇಡಿ. ಓಡ್ಲಿ, ಈಜ್ಲಿ, ಮರ ಹತ್ಲಿ. ಹತ್ತು ಹನ್ನೆರಡಕ್ಕೆ ಒಂದು ಆಟ ಗಟ್ಟಿ ಹಿಡೀಲಿ. ರಾಜ್ಯ ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಿವೆ, ಬೆಂಗಳೂರಿನ ವಿದ್ಯಾನಗರದಲ್ಲೂ ಒಂದಿದೆ, ಟ್ರಯಲ್ಸ್ ಮಾಡಿ ತಗೊಳ್ತಾರೆ, ಊಟ ವಸತಿ ಸ್ಕೂಲು ಎಲ್ಲ ಅವರದ್ದೇ. ಹಳ್ಳಿ ಮಕ್ಕಳಿಗೆ ಇದಕ್ಕಿಂತ ಒಳ್ಳೇ ದಾರಿ ನಂಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಪ್ರೈವೇಟ್ ಕ್ಲಾಸಿಗೆ ಸೇರಿಸೋ ಮುಂಚೆ ಒಂದು ವಾರ ಹೋಗಿ ಸುಮ್ನೆ ಕೂತು ನೋಡಿ. ನಾವು ಮಗಳನ್ನ ಮೊದಲು ಸೇರಿಸಿದ ಕಡೆ ವರ್ಷದ ಫೀಸು ಒಟ್ಟಿಗೆ ತಗೊಂಡ್ರು, ಎರಡೇ ತಿಂಗಳಿಗೆ ಕೋಚ್ ಬಿಟ್ಟು ಹೋದ್ರು, ದುಡ್ಡು ವಾಪಸ್ ಕೇಳಿದ್ರೆ ಇವತ್ತು ನಾಳೆ ಅಂತ ಅಲೆಸಿದ್ರು. ಅದಕ್ಕಿಂತ ಬೇಜಾರಾಗಿದ್ದು ಅಲ್ಲೇ ಒಬ್ಬರು "ಬರ್ತ್ ಸರ್ಟಿಫಿಕೇಟಲ್ಲಿ ಎರಡು ವರ್ಷ ಕಮ್ಮಿ ಮಾಡ್ಸಿ, ಅಂಡರ್ 10ನಲ್ಲಿ ಮೆಡಲ್ ಬರತ್ತೆ" ಅಂದಿದ್ದು. ಆವತ್ತೇ ಬಿಡಿಸಿದ್ವಿ. ಯಾರಾದ್ರೂ ಇದೇ ಮಾತು ನಿಮಗೆ ಹೇಳಿದ್ರೆ ನೀವೂ ಅಲ್ಲಿಂದ ಎದ್ದು ಬನ್ನಿ.

ಹಳೇ ಬೆಂಗಳೂರಿನವರು ಒಲಿಂಪಿಕ್ಸಲ್ಲಿ ಫುಟ್‌ಬಾಲ್ ಆಡಿದ್ರು ಅಂತ ನಮ್ಮ ತಾತ ಹೇಳ್ತಿದ್ರು, ನಿಜಾನಾ?

ನಿಜ, ತಾತ ಸುಳ್ಳು ಹೇಳಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮೊದಲನೇ ಒಲಿಂಪಿಕ್ಸ್ 1948ರ ಲಂಡನ್, ನಮ್ಮ ಫುಟ್‌ಬಾಲ್ ಟೀಮಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ರು. ಫ್ರಾನ್ಸ್ ಮೇಲೆ 1-2ರಲ್ಲಿ ಸೋತ್ವಿ, ಆ ಒಂದು ಗೋಲು ಹೊಡೆದಿದ್ದು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ಅದೇ ಟೀಮಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1951ರ ದೆಹಲಿ ಏಷ್ಯನ್ ಗೇಮ್ಸಲ್ಲಿ ಚಿನ್ನ ಗೆದ್ದ ಟೀಮಲ್ಲೂ ಇದ್ರು. ಹಲಸೂರು ಗೌತಮಪುರ, ಆಸ್ಟಿನ್ ಟೌನ್ ಕಡೆ ಇವತ್ತಿಗೂ ಸಂಜೆ ಹೋಗಿ ನೋಡಿ, ಹುಡುಗರ ಕಾಲಲ್ಲಿ ಬಾಲ್ ಇರತ್ತೆ. ನಿಮ್ಮ ತಾತ ಇದ್ರೆ ಇನ್ನೂ ಕೇಳಿ ಬರೆದಿಟ್ಕೊಳ್ಳಿ.

ಲೈವ್ ಎಲ್ಲಿ ನೋಡೋದು, ಎಷ್ಟು ಗಂಟೆಗೆ?

ಚಾನೆಲ್ಲು, ಆ್ಯಪು ಪ್ರತಿ ಸಲ ಬದಲಾಗತ್ತೆ, ದುಡ್ಡು ಕಟ್ಟೋ ಮುಂಚೆ ಒಂದ್ಸಲ ಡಿಡಿ ಸ್ಪೋರ್ಟ್ಸ್ ಹಾಕಿ ನೋಡಿ. 2026ರ ಏಷ್ಯನ್ ಗೇಮ್ಸ್ ಜಪಾನಲ್ಲಿ, ಅದು ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ಬೆಳಿಗ್ಗೆ 10 ಅಂದ್ರೆ ನಮಗೆ ಆರೂವರೆ, ಅಲ್ಲಿ ಸಂಜೆ 7ರ ಫೈನಲ್ ಅಂದ್ರೆ ನಮಗೆ ಮಧ್ಯಾಹ್ನ ಮೂರೂವರೆ, ಆಫೀಸಲ್ಲಿರೋರು ಫೋನಲ್ಲಿ ನೋಡ್ಕೋಬೇಕು.

ಟೋಕಿಯೋ ಸಲಾನೂ ಇದೇ ಟೈಮಿತ್ತು. 2021ರ ಆಗಸ್ಟ್ 7, ಶನಿವಾರ, ಬೆಳಗಿನ ಜಾವ ಎದ್ದು ನಾನು ಟೀವಿ ಹಾಕಿದ್ದೆ, ಅದಿತಿ ಅಶೋಕ್ ಗಾಲ್ಫ್ ಕೊನೇ ರೌಂಡು. ಅಮ್ಮ ಕಾಫಿ ಡಿಕಾಕ್ಷನ್ ಹಾಕಕ್ಕೆ ಅಂತ ಎದ್ದವರು ಹಾಗೇ ಬಂದು ಪಕ್ಕದಲ್ಲಿ ಕೂತ್ರು. ಗಾಲ್ಫ್ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ ಅವರಿಗೆ, "ಕಮ್ಮಿ ಹೊಡೆದೋರು ಗೆಲ್ಲೋದಾ?" ಅಂತ ಕೇಳಿದ್ರು. ಅದಿತಿ ಬ್ಯಾಗು ಹೊತ್ಕೊಂಡು ಓಡಾಡ್ತಾ ಇರೋದು ಅವಳ ಅಮ್ಮಾನೇ ಅಂತ ಹೇಳಿದೆ, ಆಮೇಲೆ ಅಮ್ಮ ಎದ್ದೇ ಹೋಗ್ಲಿಲ್ಲ. ಮಧ್ಯೆ ಮಳೆ ಸಿಡಿಲು ಅಂತ ಆಟ ನಿಲ್ಸಿದ್ರು, ಆಗಲೂ ಕೂತೇ ಇದ್ರು. ಒಂದೇ ಒಂದು ಹೊಡೆತಕ್ಕೆ ಕಂಚು ತಪ್ಪಿ ನಾಲ್ಕನೇ ಸ್ಥಾನ. ಅದೇ ದಿನ ಸಂಜೆ ನೀರಜ್ ಚಿನ್ನ ಗೆದ್ದು ಇಡೀ ಬೀದಿ ಪಟಾಕಿ ಹೊಡೀತು. ಅಮ್ಮನಿಗೆ ಮಾತ್ರ ಈಗಲೂ, ಯಾವುದೇ ಗೇಮ್ಸ್ ಬಂದ್ರೂ ನೆನಪಾಗೋದು ಒಂದೇ. "ಆ ಹುಡುಗಿದು ಯಾವತ್ತೋ, ನನ್ನನ್ನ ಎಬ್ಬಿಸು" ಅಂತಾರೆ.